ರಫಿಯಾ ಗಂಡನನ್ನೇಕೆ ಬಿಡಲಿಲ್ಲ?

ಪ್ರಶ್ನೆ: ‘ಜಿಂದಗೀ ಗುಲ್ಜಾರ್ ಹೈ’ ಎಂಬ ಪಾಕಿಸ್ತಾನಿ ಧಾರಾವಾಹಿಯನ್ನು ಕೆಲವು ವರ್ಷಗಳ ಹಿಂದೆ ಮಗಳ ಒತ್ತಾಯಕ್ಕೆ ನೋಡಿದ್ದೆ. ಎಲ್ಲರೂ ನಾಯಕ ನಾಯಕಿಯ ಜಗಳ, ಪ್ರೀತಿಯ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಇವತ್ತಿಗೂ ಕಾಡುವುದು ನಾಯಕಿಯ ತಾಯಿ. ಮೂರೂ ಹೆಣ್ಣೇ ಆದವೆಂದು ಗಂಡ ಇನ್ನೊಂದು ಮದುವೆಯಾಗಿ ಬೇರೆ ಮನೆ ಹೂಡುತ್ತಾನೆ. ಈಕೆ ಓದಿದವಳು, ದುಡಿಯುವವಳು. ಆದರೂ ಬಿಡುಗಡೆ ಕೇಳುವುದಿಲ್ಲ. ಅವನು ಬಂದರೆ ಬಾಗಿಲು ತೆರೆಯುತ್ತಾಳೆ. ಯಾಕೆ? ಅಲ್ಲಿಯ ಕಾನೂನೇ ಹಾಗಿದೆಯೇ? ಇದು ಹೆಣ್ಣಿನ ಪರವಾದ ಕಥೆಯೋ, ಹೆಣ್ಣಿಗೆ ತಾಳ್ಮೆಯ ಪಾಠ ಹೇಳುವ ಕಥೆಯೋ?
— ಓದುಗರೊಬ್ಬರು, ಧಾರವಾಡ

ಉತ್ತರ: ಆ ಧಾರಾವಾಹಿಯ ಜೀವ ಎಲ್ಲಿದೆಯೋ ಅಲ್ಲಿಗೇ ಕೈ ಹಾಕಿದ್ದೀರಿ. ನಾಯಕ ಫವಾದ್ ಖಾನ್ ಮುಖದ ಮೇಲೆ ಕಣ್ಣು ನೆಟ್ಟು ನೋಡಿದವರಿಗೆ ಅದು ಜಾರೂನ್ ಮತ್ತು ಕಷಫ್‌ರ ಪ್ರೇಮಕಥೆ. ಎರಡನೆಯ ಸಲ ನೋಡಲು ಕೂತರೆ ಕಥೆಯ ಭಾರವನ್ನೆಲ್ಲ ಹೊತ್ತವಳು ಕಷಫ್‌ಳ ತಾಯಿ ರಫಿಯಾ ಎಂದು ಗೊತ್ತಾಗುತ್ತದೆ. ಸಮೀನಾ ಪೀರ್‌ಜಾದಾ ಆ ಪಾತ್ರವನ್ನು ಎಷ್ಟು ಮೆಲುದನಿಯಲ್ಲಿ ಮಾಡಿದ್ದಾರೆಂದರೆ, ಆಕೆ ಒಂದು ಸಲವಾದರೂ ಕೂಗಾಡಬಾರದೇ ಎಂದು ನೋಡುವವರ ಗಂಟಲೇ ಬಿಗಿಯುತ್ತದೆ.

ನೋಡಿಲ್ಲದವರಿಗಾಗಿ ಕಥೆಯ ಎಳೆ ಇಷ್ಟು. ಮುರ್ತಜಾ ಮತ್ತು ರಫಿಯಾ ದಂಪತಿಗೆ ಮೂವರು ಹೆಣ್ಣುಮಕ್ಕಳು. ಗಂಡು ಬೇಕೆಂದು ಮುರ್ತಜಾ ನಿಗಾರ್ ಎಂಬುವಳನ್ನು ಮದುವೆಯಾಗುತ್ತಾನೆ. ಅಲ್ಲಿ ಮಗ ಹುಟ್ಟುತ್ತಾನೆ, ಇಲ್ಲಿ ಬರುವುದು ಹೋಗುವುದು ತೆಳ್ಳಗಾಗುತ್ತದೆ. ರಫಿಯಾ ಶಾಲೆಯಲ್ಲಿ ಪಾಠ ಹೇಳಿ, ಮನೆಪಾಠ ಮಾಡಿ ಹುಡುಗಿಯರನ್ನು ಓದಿಸುತ್ತಾಳೆ. ಹಿರಿಯಳು ಕಷಫ್ ವಿದ್ಯಾರ್ಥಿವೇತನ ಹಿಡಿದು ವಿಶ್ವವಿದ್ಯಾಲಯ ಸೇರುತ್ತಾಳೆ. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತದೆ. ಅಲ್ಲಿ ಶ್ರೀಮಂತರ ಮಗ, ಎಲ್ಲರ ಕಣ್ಮಣಿ ಜಾರೂನ್ ಜುನೈದ್ ಎದುರಾಗುತ್ತಾನೆ. ಇಬ್ಬರೂ ದಿನಚರಿ ಬರೆಯುವವರು. ಅವನ ಒಂದು ಪುಟ, ಇವಳ ಒಂದು ಪುಟ ಎಂಬಂತೆ ಕಥೆ ಸಾಗುತ್ತದೆ. ಮುಂದೆ ಇಬ್ಬರೂ ಸಿಎಸ್‌ಎಸ್ ಎಂಬ ನಾಗರಿಕ ಸೇವಾ ಪರೀಕ್ಷೆ ಪಾಸಾಗುತ್ತಾರೆ. ನಮ್ಮ ಐಎಎಸ್‌ಗೆ ಸಮಾನವೆನ್ನಬಹುದಾದ ಪರೀಕ್ಷೆ ಅದು. ಆಮೇಲೆ ಮದುವೆ, ಮದುವೆಯ ನಂತರದ ಮುನಿಸು, ಕೊನೆಗೆ ರಾಜಿ. ಒಟ್ಟು 26 ಕಂತು. 2012ರ ನವೆಂಬರ್ ಕೊನೆಯಿಂದ 2013ರ ಮೇವರೆಗೆ ಹಮ್ ಟಿವಿಯಲ್ಲಿ ವಾರಕ್ಕೊಂದರಂತೆ ಬಂತು. ಭಾರತಕ್ಕೆ ಬಂದದ್ದು 2014ರ ಜೂನ್ 23ರಂದು, ಜೀ ಸಮೂಹ ‘ಜಿಂದಗಿ’ ಎಂಬ ಹೊಸ ವಾಹಿನಿ ತೆರೆದ ದಿನ.

ಈಗ ನಿಮ್ಮ ಕಾನೂನಿನ ಪ್ರಶ್ನೆ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ನಮ್ಮಲ್ಲಿ ಈ ಬಗ್ಗೆ ಇರುವ ಕಲ್ಪನೆಗಳಲ್ಲಿ ಅರ್ಧ ತಪ್ಪು.

ಪಾಕಿಸ್ತಾನದಲ್ಲಿ ಗಂಡಸು ಮನಸ್ಸಿಗೆ ಬಂದಾಗ ಎರಡನೆಯ ಮದುವೆ ಮಾಡಿಕೊಳ್ಳಬಹುದು, ಕೇಳುವವರಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಕಾಗದದ ಮೇಲೆ ಹಾಗಿಲ್ಲ. 1961ರ ಮುಸ್ಲಿಂ ಕೌಟುಂಬಿಕ ಕಾನೂನುಗಳ ಸುಗ್ರೀವಾಜ್ಞೆಯ ಆರನೆಯ ಕಲಮಿನ ಪ್ರಕಾರ, ಹೆಂಡತಿ ಇರುವವನು ಇನ್ನೊಂದು ಮದುವೆಯಾಗಬೇಕಿದ್ದರೆ ಮೊದಲು ಸ್ಥಳೀಯ ಯೂನಿಯನ್ ಕೌನ್ಸಿಲ್ ಅಧ್ಯಕ್ಷರಿಗೆ ಅರ್ಜಿ ಹಾಕಬೇಕು. ಮದುವೆ ಯಾಕೆ ಬೇಕು, ಈಗಿರುವ ಹೆಂಡತಿ ಒಪ್ಪಿದ್ದಾಳೆಯೇ ಎಂದು ಅದರಲ್ಲಿ ಬರೆಯಬೇಕು. ಅಧ್ಯಕ್ಷರು, ಗಂಡನ ಕಡೆಯವನೊಬ್ಬ, ಹೆಂಡತಿಯ ಕಡೆಯವನೊಬ್ಬ ಕೂತು, ಈ ಮದುವೆ ಅಗತ್ಯ ಮತ್ತು ನ್ಯಾಯಯುತ ಎಂದು ಮನವರಿಕೆಯಾದರೆ ಮಾತ್ರ ಬರಹದಲ್ಲಿ ಅನುಮತಿ ಕೊಡಬೇಕು. ಯಾವ್ಯಾವ ಕಾರಣಗಳನ್ನು ಪರಿಗಣಿಸಬಹುದೆಂದು ನಿಯಮಗಳಲ್ಲಿ ಹೇಳಿದೆ: ಬಂಜೆತನ, ದೈಹಿಕ ದೌರ್ಬಲ್ಯ, ಬುದ್ಧಿಭ್ರಮಣೆ, ಹೀಗೆ. ಆ ಪಟ್ಟಿಯಲ್ಲಿ ‘ಗಂಡುಮಗು ಹುಟ್ಟಲಿಲ್ಲ’ ಎಂಬುದಿಲ್ಲ. ಮೂರು ಮಕ್ಕಳ ತಾಯಿ ರಫಿಯಾ ಬಂಜೆಯಂತೂ ಅಲ್ಲ. ಅಂದರೆ ಮುರ್ತಜಾ ಅರ್ಜಿ ಹಿಡಿದು ಹೋಗಿದ್ದರೆ ಕೌನ್ಸಿಲ್‌ನಲ್ಲಿ ಅವನ ಮಾತಿಗೆ ಬಲವಿರುತ್ತಿರಲಿಲ್ಲ.

ಈ ಕಾನೂನು ಹುಟ್ಟಿದ ಕಥೆಯೇ ಒಂದು ಧಾರಾವಾಹಿಯಾಗುವಂತಿದೆ. 1955ರಲ್ಲಿ ಪಾಕಿಸ್ತಾನದ ಪ್ರಧಾನಿಯಾಗಿದ್ದ ಮೊಹಮ್ಮದ್ ಅಲಿ ಬೋಗ್ರಾ, ಮೊದಲ ಹೆಂಡತಿ ಇರುವಾಗಲೇ ಎರಡನೆಯ ಮದುವೆಯಾದರು. ಬೇಗಂ ರಾನಾ ಲಿಯಾಖತ್ ಅಲಿ ಖಾನ್ 1949ರಲ್ಲಿ ಕಟ್ಟಿದ್ದ ಅಖಿಲ ಪಾಕಿಸ್ತಾನ ಮಹಿಳಾ ಸಂಘದ ಹೆಂಗಸರು ಸುಮ್ಮನಿರಲಿಲ್ಲ, ದೊಡ್ಡ ಗದ್ದಲ ಎಬ್ಬಿಸಿದರು. ಅದೇ ವರ್ಷ ಮದುವೆ ಮತ್ತು ಕುಟುಂಬ ಕಾನೂನಿನ ಆಯೋಗ ರಚನೆಯಾಯಿತು. ಅದರಲ್ಲಿ ಮೂವರು ಹೆಂಗಸರಿದ್ದರು. 1956ರಲ್ಲಿ ವರದಿ ಬಂತು. ಆಯೋಗದಲ್ಲಿದ್ದ ಮೌಲಾನಾ ಎಹ್ತಿಶಾಮುಲ್ ಹಕ್ ಥಾನ್ವಿ ತಮ್ಮ ಭಿನ್ನಮತ ಬರೆದಿಟ್ಟರು. ವರದಿ ಕೆಲವು ವರ್ಷ ಕಪಾಟಿನಲ್ಲಿ ಕೂತು, ಕೊನೆಗೆ ಅಯೂಬ್ ಖಾನ್ ಸೇನಾಡಳಿತದಲ್ಲಿ ಸುಗ್ರೀವಾಜ್ಞೆಯಾಯಿತು. ಪ್ರಧಾನಿಯ ಸವತಿ ಪ್ರಕರಣ ದೇಶಕ್ಕೊಂದು ಕಾನೂನು ಕೊಟ್ಟಿತು ಎಂದರೆ ತಪ್ಪಾಗದು.

ಹಾಗಾದರೆ ಮುರ್ತಜಾ ಹೇಗೆ ಬಚಾವಾದ? ಕಾನೂನಿನಲ್ಲೇ ಒಂದು ಕಿಂಡಿ ಇದೆ. ಅನುಮತಿಯಿಲ್ಲದೆ ಮದುವೆಯಾದವನಿಗೆ ಶಿಕ್ಷೆ ಉಂಟು. ಮೊದಲ ಹೆಂಡತಿಯ ಮೆಹರ್, ಅಂದರೆ ಮದುವೆಯಲ್ಲಿ ಅವಳಿಗೆ ಕೊಡುವೆನೆಂದು ಒಪ್ಪಿದ ಹಣ, ಪೂರ್ತಿಯಾಗಿ ಆ ಕೂಡಲೇ ಕೊಡಬೇಕು. ದೂರು ಸಾಬೀತಾದರೆ ಒಂದು ವರ್ಷದವರೆಗೆ ಸಾದಾ ಸಜೆ, ದಂಡ. ಆದರೆ ಆ ಎರಡನೆಯ ಮದುವೆ ಅಸಿಂಧುವಾಗುವುದಿಲ್ಲ. ಆದದ್ದು ಆದಂತೆಯೇ. ಇನ್ನು ದೂರು ಕೊಡಬೇಕಾದವಳು ಯಾರು? ನೊಂದವಳೇ. ಗಂಡನನ್ನು ಜೈಲಿಗೆ ಕಳಿಸಿದವಳು ಎಂಬ ಹೆಸರು ಹೊತ್ತು, ಆಮೇಲೆ ಮೂರು ಹೆಣ್ಣುಮಕ್ಕಳಿಗೆ ಸಂಬಂಧ ಹುಡುಕಬೇಕು. ರಫಿಯಾ ಮನಸ್ಸಿನಲ್ಲೇ ಈ ಲೆಕ್ಕ ಹಾಕಿ ಮುಗಿಸಿರುತ್ತಾಳೆ. ಅಲ್ಲಿಯ ಗಂಡಸರಿಗೆ ಕಾನೂನಿಗಿಂತ ಹೆಚ್ಚಾಗಿ ಗೊತ್ತಿರುವುದು ಹೆಂಗಸರ ಈ ಲೆಕ್ಕ.

ಬಿಡುಗಡೆಯ ದಾರಿಗಳೂ ಇದ್ದವು. ಹೆಂಡತಿ ನ್ಯಾಯಾಲಯಕ್ಕೆ ಹೋಗಿ ಖುಲಾ, ಅಂದರೆ ತಾನೇ ಕೇಳುವ ಬಿಡುಗಡೆ, ಪಡೆಯಬಹುದು. ಗಂಡ ಒಪ್ಪದಿದ್ದರೂ ನ್ಯಾಯಾಲಯ ಕೊಡಬಹುದೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟ್ 1967ರಲ್ಲಿ ಖುರ್ಷೀದ್ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಖುಲಾ ಕೇಳಿದರೆ ಸಾಮಾನ್ಯವಾಗಿ ಮೆಹರ್ ಬಿಟ್ಟುಕೊಡಬೇಕಾಗುತ್ತದೆ. ಅದೂ ಬೇಡವೆಂದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಇದೆ. ಅದು ದೇಶ ಒಡೆಯುವ ಮುಂಚಿನದು, ಆದ್ದರಿಂದ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಎರಡು ವರ್ಷ ಜೀವನಾಂಶ ಕೊಡದ ಗಂಡನಿಂದ ಆ ಕಾಯ್ದೆಯಡಿ ಬಿಡಿಸಿಕೊಳ್ಳಬಹುದು. ಪಾಕಿಸ್ತಾನದಲ್ಲಿ 1961ರಲ್ಲಿ ಅದಕ್ಕೆ ಇನ್ನೊಂದು ಕಾರಣವನ್ನು ಸೇರಿಸಿದರು: ಅನುಮತಿಯಿಲ್ಲದೆ ಇನ್ನೊಬ್ಬಳನ್ನು ತಂದಿದ್ದರೆ ಅದೊಂದೇ ಸಾಕು. ನಮ್ಮ ಕಾಯ್ದೆಯಲ್ಲಿ ಆ ಸಾಲಿಲ್ಲ. ಇವೆಲ್ಲಕ್ಕೂ ಮೊದಲೇ, ಮದುವೆಯ ಕರಾರುಪತ್ರವಾದ ನಿಕಾಹ್‌ನಾಮೆಯ 18ನೆಯ ಅಂಕಣದಲ್ಲಿ ತಲಾಕ್‌ನ ಹಕ್ಕನ್ನು ಹೆಂಡತಿಗೂ ಒಪ್ಪಿಸಲು ಜಾಗವಿದೆ. ಮದುವೆಯ ದಿನ ಎಷ್ಟೋ ಕಡೆ ಹಿರಿಯರು, ಬರೆಯುವವರು ಹುಡುಗಿಯನ್ನು ಕೇಳದೆಯೇ ಆ ಅಂಕಣದ ಮೇಲೆ ಗೆರೆ ಎಳೆದುಬಿಡುತ್ತಾರೆ. ಶುಭದ ದಿನ ಅಶುಭದ ಮಾತೇಕೆ ಎಂಬ ಸಮಜಾಯಿಷಿ!

ಒಟ್ಟಿನಲ್ಲಿ ಕಾನೂನು ರಫಿಯಾಗೆ ಬಾಗಿಲು ಮುಚ್ಚಿರಲಿಲ್ಲ. ಆಕೆಯೇ ಆ ಕಡೆ ಹೋಗಲಿಲ್ಲ. ಅದಕ್ಕೂ ಹೆಚ್ಚಿನ ಮಾತೆಂದರೆ, ಕಥೆ ಬರೆದವರು ಆಕೆಯನ್ನು ಆ ಕಡೆ ಕಳಿಸಲಿಲ್ಲ. ಈ ಧಾರಾವಾಹಿಯಲ್ಲಿ ಸರ್ಕಾರ ನೌಕರಿಯ ರೂಪದಲ್ಲಿ ಬರುತ್ತದೆ, ನ್ಯಾಯಾಲಯದ ರೂಪದಲ್ಲಿ ಬರುವುದೇ ಇಲ್ಲ. ಕಷಫ್ ಪರೀಕ್ಷೆ ಪಾಸಾಗಿ ಅಧಿಕಾರಿಯಾಗಿ ಸರ್ಕಾರಿ ಕಾರಿನಲ್ಲಿ ಇಳಿದಾಗ ಅದೇ ತೀರ್ಪು. ಮುರ್ತಜಾಗೆ ದಂಡ ಹಾಕುವುದು ಮ್ಯಾಜಿಸ್ಟ್ರೇಟ್ ಅಲ್ಲ, ದಾರಿ ತಪ್ಪಿದ ಅವನ ಆ ಒಬ್ಬನೇ ಮಗ. ಹೆಣ್ಣೆಂದು ತೊರೆದವು ಕೈ ಹಿಡಿದವು, ಗಂಡೆಂದು ಎತ್ತಿಕೊಂಡದ್ದು ಕೈ ಕೊಟ್ಟಿತು. ನ್ಯಾಯ ಮೇಲಿನಿಂದ ಬರುತ್ತದೆ, ತಡವಾಗಿ ಬರುತ್ತದೆ, ಅಲ್ಲಿಯವರೆಗೆ ದುಡಿಯುತ್ತ ಕಾಯಬೇಕು: ಇದು ಆ ಕಥೆಯ ಲೋಕನಿಯಮ.

ಇಂಥ ನಿಯಮ ಎಲ್ಲಿಂದ ಬಂತೆಂದು ತಿಳಿಯಲು ಡೈಜೆಸ್ಟ್‌ಗಳೆಂಬ ಉರ್ದು ಮಾಸಿಕಗಳ ಬಗ್ಗೆ ಒಂದೆರಡು ಮಾತು ಹೇಳಬೇಕು. ‘ಜಿಂದಗೀ ಗುಲ್ಜಾರ್ ಹೈ’ ಮೊದಲು ಉಮೇರಾ ಅಹ್ಮದ್ ಅವರ ಕಾದಂಬರಿ, 1990ರ ದಶಕದ ಕೊನೆಯಲ್ಲಿ ಬರೆದದ್ದು. ಸಿಯಾಲ್‌ಕೋಟ್‌ನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಉಮೇರಾ ಬೆಳೆದದ್ದು ‘ಖವಾತೀನ್’, ‘ಶುಆ’ ಥರದ ಮಹಿಳಾ ಮಾಸಿಕಗಳಲ್ಲಿ. ‘ಹಮ್‌ಸಫರ್’ ಧಾರಾವಾಹಿ ಬರೆದ ಫರ್ಹತ್ ಇಶ್ತಿಯಾಕ್ ಕೂಡ ಅಲ್ಲಿಂದಲೇ ಬಂದವರು. ಅಗ್ಗದ ಕಾಗದ, ದಪ್ಪ ಪುಸ್ತಕ, ಮನೆಯಿಂದ ಮನೆಗೆ ಕೈ ಬದಲಾಗುವ ಓದು. ಬರೆಯುವವರು ಹೆಚ್ಚಾಗಿ ಹೆಂಗಸರು, ಓದುವವರೂ ಅವರೇ. ಉರ್ದು ಸಾಹಿತ್ಯದ ದೊಡ್ಡವರು ಇವನ್ನು ಸಾಹಿತ್ಯವೆಂದು ಎಣಿಸಿದ್ದು ಕಡಿಮೆ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಇವರನ್ನೆಲ್ಲ ‘ಹೆಂಗಸರ ಕಾದಂಬರಿ’ ಎಂದು ಒಂದೇ ಮೂಟೆಗೆ ಕಟ್ಟಿದ ವಿಮರ್ಶೆಯನ್ನು ಕಂಡಿರುವ ನಮಗೆ ಇದು ಹೊಸತೇನಲ್ಲ. ತ್ರಿವೇಣಿಯವರ ಕಾದಂಬರಿಗಳು ಪುಟ್ಟಣ್ಣನವರ ಕೈಯಲ್ಲಿ ‘ಬೆಳ್ಳಿಮೋಡ’, ‘ಶರಪಂಜರ’ ಎಂಬ ಸಿನಿಮಾಗಳಾದವು. ಡೈಜೆಸ್ಟ್ ಕಥೆಗಳು ಟಿವಿಗೆ ಹೋದವು.

ಡೈಜೆಸ್ಟ್ ಓದುಗಿ ಯಾರೆಂದು ನೆನೆಸಿಕೊಂಡರೆ ರಫಿಯಾ ಅರ್ಥವಾಗುತ್ತಾಳೆ. ಆಕೆ ಮದುವೆಯೊಳಗೆ ಇದ್ದುಕೊಂಡೇ ಬದುಕಬೇಕಾದವಳು. ಹೊಸ್ತಿಲು ದಾಟಿ ಹೊರನಡೆದ ನಾಯಕಿಯನ್ನು ಅವಳು ಮೆಚ್ಚಬಹುದು, ಆದರೆ ಅದು ಮಾರನೆಯ ಬೆಳಗಿನ ಕೆಲಸಕ್ಕೆ ಬಾರದು. ಇದ್ದಲ್ಲೇ ಇದ್ದು, ಮಕ್ಕಳನ್ನು ಓದಿಸಿ, ಗಂಡನ ಕಾಸಿಗೆ ಕೈಚಾಚದೆ, ಒಂದು ದಿನ ಅವನೇ ತಲೆ ತಗ್ಗಿಸುವಂತೆ ಮಾಡಿದವಳ ಕಥೆ ಅವಳಿಗೆ ಬೇಕು. ಉಮೇರಾ ಅದನ್ನು ಕೊಟ್ಟರು. ಅದರ ಜೊತೆಗೆ ಧರ್ಮದ ಒಂದು ಎಳೆಯನ್ನೂ ಹೆಣೆದರು. ಕಷಫ್ ದಿನಚರಿಯಲ್ಲಿ ದೇವರೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ನಮಗೇ ಯಾಕೆ ಹೀಗೆ, ಏನೂ ಮಾಡದವರಿಗೆ ಎಲ್ಲ ಕೊಟ್ಟೆ, ದುಡಿಯುವವರಿಗೆ ಯಾಕಿಲ್ಲ ಎಂದು ಕೇಳುತ್ತಾಳೆ. ತಾಯಿ ಅವಳಿಗೆ ಹೇಳುವುದು ಸಬರ್ ಮತ್ತು ಶುಕರ್, ಅಂದರೆ ತಾಳ್ಮೆ ಮತ್ತು ಕೃತಜ್ಞತೆ. ಧಾರಾವಾಹಿಯ ಹೆಸರೇ ಆ ತಾಯಿಯ ಪಾಠ: ಬದುಕು ಹೂದೋಟ ಕಣೇ ಎಂದು. ಕೇಳುವ ಮಗಳಿಗೆ ಮೈಯೆಲ್ಲ ಉರಿಯುತ್ತದೆ. ಕಷಫ್ ಪಾತ್ರದ ಸನಮ್ ಸಯೀದ್ ಆ ಉರಿಯನ್ನು ಅಲಂಕಾರವಿಲ್ಲದ ಮುಖದಲ್ಲಿ ಹಿಡಿದಿಟ್ಟ ಬಗೆ ನನಗೆ ಈಗಲೂ ಹಿಡಿಸುತ್ತದೆ. ನಾಯಕಿಗೆ ಬೈಯುವ ಹಕ್ಕು, ಅದರಲ್ಲೂ ದೇವರನ್ನೇ ಬೈಯುವ ಹಕ್ಕು, ನಮ್ಮ ಯಾವ ಧಾರಾವಾಹಿಯಲ್ಲಿ ಇಷ್ಟು ಕಂತು ನಡೆದೀತು?

ಗಮನಿಸಿ, ಆ ಸಿಟ್ಟಿಗೆಲ್ಲ ಕಾರಣವಾದ ಮುರ್ತಜಾ ಖಳನಾಯಕನಲ್ಲ. ವಸೀಂ ಅಬ್ಬಾಸ್ ಮಾಡಿದ ಆ ಪಾತ್ರ ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಬಂದು ಕೂರುತ್ತಾನೆ, ಬುದ್ಧಿ ಹೇಳುತ್ತಾನೆ, ಕೊಡಬೇಕಾದ ದುಡ್ಡಿನ ಮಾತು ಬಂದರೆ ಕಷ್ಟ ಹೇಳಿಕೊಳ್ಳುತ್ತಾನೆ, ಎದ್ದು ಹೋಗುತ್ತಾನೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎನ್ನುವಂತೆ ಹೆಣ್ಣುಮಕ್ಕಳು ಏನು ಮಾಡಿದರೂ ಅವನ ಕಣ್ಣಿಗೆ ಸಣ್ಣದು. ಇಂಥ ಗಂಡಸನ್ನು ದ್ವೇಷಿಸಲು ತಾಯಿಗೆ ಪುರಸೊತ್ತಿಲ್ಲ. ಮಗಳಿಗೆ ಬೇರೆ ಕೆಲಸವೇ ಇಲ್ಲ. ತಾಯಿ ಮಗಳ ನಡುವಿನ ಆ ಎಳೆದಾಟವೇ ಮೊದಲ ಹದಿನೈದು ಕಂತುಗಳ ನಿಜವಾದ ನಾಟಕ. ನೀನು ಅವನಿಗೆ ಬಾಗಿಲು ಯಾಕೆ ತೆರೆಯುತ್ತೀ ಎಂಬುದು ನಿಮ್ಮ ಪ್ರಶ್ನೆ ಮಾತ್ರವಲ್ಲ, ಕಷಫ್‌ನ ಪ್ರಶ್ನೆಯೂ ಹೌದು. ತಾಯಿಯ ಉತ್ತರ ಮಾತಿಗಿಂತ ನಡತೆಯಲ್ಲಿದೆ. ನಾಳೆ ಹೆಣ್ಣು ಕೇಳಲು ಬಂದವರ ಮೊದಲ ಪ್ರಶ್ನೆ ‘ತಂದೆ ಏನು ಮಾಡುತ್ತಾರೆ’ ಎಂದು. ನಿಕಾಹ್ ದಿನ ಒಬ್ಬ ಅಪ್ಪ ಕೂತಿರಬೇಕು. ಬೇರೆ ಮನೆಯಲ್ಲಿದ್ದಾನೆ ಎಂಬುದಕ್ಕೂ ಬಿಟ್ಟಿದ್ದಾನೆ ಎಂಬುದಕ್ಕೂ ಆ ಪ್ರಶ್ನೆಯ ಎದುರು ಬಹಳ ವ್ಯತ್ಯಾಸವಿದೆ. ತಲಾಕ್‌ನಿಂದ ರಫಿಯಾಗೆ ಹೊಸದಾಗಿ ಸಿಗುವುದು ಮರುಮದುವೆಯ ಸ್ವಾತಂತ್ರ್ಯ ಒಂದೇ, ಅದು ಅವಳಿಗೆ ಬೇಕಿಲ್ಲ. ಕಳೆದುಕೊಳ್ಳುವುದು ಮಕ್ಕಳ ಪಾಲಿನ ಒಂದು ಹೆಸರು. ಹೆದರಿ ಸುಮ್ಮನಾದವಳಂತೆ ನನಗೆ ಅವಳು ಕಾಣಲಿಲ್ಲ. ಬೆಲೆ ಕೇಳಿ, ಬೇಡವೆಂದು ಅಂಗಡಿಯಿಂದ ಹೊರಬಂದವಳಂತೆ ಕಂಡಳು.

ಕನ್ನಡದ ಓದುಗರು ಇಲ್ಲಿ ನಾದಿರಾಳನ್ನು ನೆನೆಯದಿರಲಾರರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಕ್ ಅವಳಿಗೆ ಬೇಡವಾಗಿತ್ತು, ಅಪ್ಪನ ಹಟಕ್ಕೆ ಬಂದು ತಲೆಯ ಮೇಲೆ ಬಿತ್ತು. ಬೇಡದವಳ ಮೇಲೆ ಬಿದ್ದ ಬಿಡುಗಡೆ ಅಲ್ಲಿ, ಸಿಗಬಹುದಾಗಿದ್ದರೂ ಕೇಳದೆ ಹೋದ ಬಿಡುಗಡೆ ಇಲ್ಲಿ. ನಾದಿರಾಳಿಗೆ ಕೈಯಲ್ಲಿ ದುಡಿಮೆಯಿರಲಿಲ್ಲ, ರಫಿಯಾಗೆ ಇತ್ತು. ಅಷ್ಟರಿಂದಲೇ ಒಬ್ಬಳ ಕಥೆ ಕೊಳದಲ್ಲಿ ಮುಗಿಯಿತು, ಇನ್ನೊಬ್ಬಳದು ಮಗಳ ಕಚೇರಿಯವರೆಗೆ ಬಂತು.

ಇನ್ನು ಪರವೋ ವಿರುದ್ಧವೋ ಎಂಬ ನಿಮ್ಮ ಕೊನೆಯ ಪ್ರಶ್ನೆ. ನನ್ನ ಲೆಕ್ಕದಲ್ಲಿ ಮದುವೆಯವರೆಗಿನ ಭಾಗ ಒಂದು ಧಾರಾವಾಹಿ, ಆಮೇಲಿನದು ಇನ್ನೊಂದು. ಎರಡನೆಯದರ ಮೇಲೆ ನನಗೆ ತಕರಾರಿದೆ.

ರಫಿಯಾ ಮನೆಗೆ ಎದುರಾಗಿ ಕಥೆ ಜಾರೂನ್ ಮನೆಯನ್ನು ನಿಲ್ಲಿಸುತ್ತದೆ. ಅವನ ತಾಯಿ ಗಜಾಲಾ ಕೂಡ ಹೊರಗೆ ಕೆಲಸ ಮಾಡುವವಳೇ. ಆದರೆ ಅವಳದು ಕಾರು, ಕ್ಲಬ್ಬು, ಸಭೆ, ಸಮಾರಂಭ. ಮನೆಗೆ ಅವಳು ಸಿಗುವುದಿಲ್ಲವೆಂದು ಮಗನಿಗೆ ಕೊರಗು. ಸಹೋದರಿ ಸಾರಾ ಗಂಡನ ಕಟ್ಟುಪಾಡು ಸಹಿಸದೆ ಬಿಟ್ಟು ಬರುತ್ತಾಳೆ. ಮದುವೆ ಗೊತ್ತಾಗಿದ್ದ ಅಸ್ಮಾರಾ, ನನ್ನ ಬಟ್ಟೆ, ನನ್ನ ಓಡಾಟ ನಿನಗೇಕೆ ಎಂದು ಕೇಳಿ ಸಂಬಂಧ ಮುರಿದುಕೊಳ್ಳುತ್ತಾಳೆ. ಈ ಮೂವರೂ ಹೇಳುವುದರಲ್ಲಿ ತಪ್ಪೇನಿದೆ? ಹುಡುಗಿಯರ ಜೊತೆ ತಾನು ಸುತ್ತಬಹುದು, ತನ್ನವರು ಹಾಗೆ ಸುತ್ತಬಾರದು ಎಂಬ ಜಾರೂನ್‌ನ ಇಬ್ಬಗೆಯನ್ನು ಕಥೆ ಆಗಾಗ ಚುಚ್ಚುತ್ತದೆ ನಿಜ. ಆದರೆ ಲೆಕ್ಕ ಚುಕ್ತಾ ಮಾಡುವಾಗ ದಂಡ ಬೀಳುವುದು ಆ ಹೆಂಗಸರಿಗೇ. ಬಡವಳು ದುಡಿದರೆ ತ್ಯಾಗ, ಉಳ್ಳವಳು ದುಡಿದರೆ ಮನೆ ಹಾಳು! ಈ ತಾರತಮ್ಯವನ್ನು ಪಾಕಿಸ್ತಾನದ ಸ್ತ್ರೀವಾದಿ ವಿಮರ್ಶಕಿಯರು ಆಗಲೇ ಎತ್ತಿ ತೋರಿಸಿದ್ದರು. ಅವರ ಜೊತೆ ನಾನೂ ಇದ್ದೇನೆ. ಜಿಲ್ಲೆಯ ಆಡಳಿತ ನಡೆಸುವ ಕಷಫ್ ಮದುವೆಯ ನಂತರ ಗಂಡನ ಬೇಕುಬೇಡಗಳಿಗೆ ಮೈಯೆಲ್ಲ ಕಿವಿಯಾಗಿ ಅವನನ್ನು ಗೆಲ್ಲುವ ದೃಶ್ಯಗಳಲ್ಲಿ, ದೇವರ ಜೊತೆ ಜಗಳಾಡುತ್ತಿದ್ದ ಹುಡುಗಿ ಎಲ್ಲಿ ಹೋದಳೆಂದು ಹುಡುಕುವಂತಾಗುತ್ತದೆ.

ಒಂದು ದೃಶ್ಯ ಮಾತ್ರ ಆ ಭಾಗವನ್ನು ಉಳಿಸುತ್ತದೆ. ಗಂಡನೊಡನೆ ಮುನಿಸಿಕೊಂಡು ದೂರವಿರುವ ಹೊತ್ತಿನಲ್ಲಿ ಕಷಫ್ ಬಸುರಿಯೆಂದು ತಿಳಿಯುತ್ತದೆ. ಹುಟ್ಟುವುದು ಅವಳಿ, ಎರಡೂ ಹೆಣ್ಣು. ಇಷ್ಟು ಕಂತು ಅವಳು ಜಾರೂನ್ ಜೊತೆ ಆಡಿದ ಜಗಳವೆಲ್ಲ ಒಳಗೊಳಗೇ ಈ ಗಳಿಗೆಗೆ ಹೆದರಿ ಆಡಿದ್ದು ಎಂದು ಆಗ ಹೊಳೆಯುತ್ತದೆ. ತಾಯಿಯ ಹೆರಿಗೆ ಕೋಣೆಯಲ್ಲಿ ಮೂರು ಸಲ ನಡೆದದ್ದು ತನಗೂ ನಡೆಯುತ್ತದೆಯೇ? ಜಾರೂನ್ ಬಂದು ಮಕ್ಕಳನ್ನು ನೋಡಿ ಸಂತೋಷಪಡುತ್ತಾನೆ. ಅಷ್ಟೇ. ಒಬ್ಬ ತಂದೆ ಮಾಡಲೇಬೇಕಾದ ತೀರ ಸಾಮಾನ್ಯ ಕೆಲಸ ಅದು. ಅದಕ್ಕೆ ಕಷಫ್ ಒಡೆದುಹೋಗುತ್ತಾಳೆ. ಪ್ರೇಮಕಥೆಯ ಮುಕ್ತಾಯವೆಂದು ಇದನ್ನು ನೋಡಿದವರು ಬಹಳ. ನನಗೆ ಅಲ್ಲಿ ರಫಿಯಾ ಕಥೆಯ ಮುಕ್ತಾಯ ಕಂಡಿತು.

ನಿರ್ದೇಶಕಿಯ ಹೆಸರನ್ನು ಇಷ್ಟು ಹೊತ್ತು ತಡೆದಿಟ್ಟಿದ್ದೆ. ಸುಲ್ತಾನಾ ಸಿದ್ದಿಕಿ ಸಿಂಧ್‌ನ ಹೈದರಾಬಾದಿನವರು. ಸರ್ಕಾರಿ ವಾಹಿನಿ ಪಿಟಿವಿಯಲ್ಲಿ ಬಹುಕಾಲ ದುಡಿದು, 1993ರಲ್ಲಿ ನೂರುಲ್ ಹುದಾ ಶಾ ಬರೆದ ‘ಮಾರ್ವಿ’ಯನ್ನು ನಿರ್ದೇಶಿಸಿ ಹೆಸರಾದವರು. 2005ರಲ್ಲಿ ಶುರುವಾದ ಹಮ್ ಟಿವಿಯ ಒಡತಿ. ಎಲ್ಲಕ್ಕಿಂತ ಮುಖ್ಯವಾಗಿ, ವಿಚ್ಛೇದನದ ನಂತರ ಮೂವರು ಗಂಡುಮಕ್ಕಳನ್ನು ತಾವೇ ಬೆಳೆಸಿದವರು. ರಫಿಯಾ ತೆಗೆದುಕೊಳ್ಳದ ದಾರಿಯಲ್ಲಿ ನಡೆದು ಬಂದ ಹೆಂಗಸು ರಫಿಯಾಳನ್ನು ಚಿತ್ರಿಸಿದರು! ತಾನು ಬಿಟ್ಟು ಬಂದೆ, ನೀನೇಕೆ ಬಿಡಲಿಲ್ಲ ಎಂಬ ಗದರಿಕೆ ಆ ಚಿತ್ರಣದಲ್ಲಿ ಎಲ್ಲೂ ಇಲ್ಲ. ಕ್ಯಾಮೆರಾ ಅವಳ ಮೇಲೆ ಕರುಣೆಯನ್ನೂ ಸುರಿಸುವುದಿಲ್ಲ. ತರಕಾರಿ ಹೆಚ್ಚುವಾಗ, ಉತ್ತರ ಪತ್ರಿಕೆ ತಿದ್ದುವಾಗ ಒಬ್ಬ ಹೆಂಗಸು ಹೇಗಿರುತ್ತಾಳೋ ಹಾಗೆ ತೋರಿಸುತ್ತದೆ. ಕೆನ್ನೆಗೊಂದು ಏಟು ಬಿದ್ದರೆ ಮೂರು ಕೋನದಿಂದ ಮೂರು ಸಲ ತೋರಿಸುವ ನಮ್ಮ ಸಂಜೆಯ ಧಾರಾವಾಹಿಗಳ ಅಭ್ಯಾಸವಾದವರಿಗೆ ಆ ಮಿತ ಬೇಗ ಮನಸ್ಸಿಗೆ ಹತ್ತುತ್ತದೆ.

ಮಿತಕ್ಕೆ ಇನ್ನೊಂದು ಕಾರಣ ಅವರ ಪದ್ಧತಿ. ಪಿಟಿವಿ ಕಾಲದಿಂದಲೂ ವಾರಕ್ಕೊಂದು ಕಂತು, ಒಬ್ಬ ಲೇಖಕರು, ಮುಗಿಯುವ ಕಥೆ. ಹಸೀನಾ ಮೊಯೀನ್ 1980ರ ದಶಕದಲ್ಲಿ ‘ಅನ್‌ಕಹೀ’, ‘ತನ್‌ಹಾಯಿಯಾ’, ‘ಧೂಪ್ ಕಿನಾರೇ’ ಬರೆದಾಗ ನಾಯಕಿಯರು ಡಾಕ್ಟರಾಗಿದ್ದರು, ಕಚೇರಿಗೆ ಹೋಗುತ್ತಿದ್ದರು, ಬಾಯಿ ತುಂಬ ಹರಟುತ್ತಿದ್ದರು. ಅದೂ ಜಿಯಾ ಉಲ್ ಹಕ್ ಆಡಳಿತದಲ್ಲಿ! ಖಾಸಗಿ ವಾಹಿನಿಗಳು ಬಂದ ಮೇಲೆ ನಾಯಕಿಯ ಹರಟೆ ಕಡಿಮೆಯಾಯಿತು, ಕಣ್ಣೀರು ಹೆಚ್ಚಾಯಿತು ಎಂಬ ದೂರು ಅಲ್ಲಿಯವರದೇ. ಎಲ್ಲ ಪಾಕಿಸ್ತಾನಿ ಧಾರಾವಾಹಿಗಳೂ ಹೆಣ್ಣನ್ನು ಇಷ್ಟು ಗೌರವದಿಂದ ಕಾಣುತ್ತವೆ ಎಂದು ನಂಬಿದರೆ ಮೋಸ ಹೋಗುತ್ತೀರಿ. 2019ರಲ್ಲಿ ಖಲೀಲುರ್ ರೆಹಮಾನ್ ಕಮರ್ ಬರೆದ ‘ಮೇರೇ ಪಾಸ್ ತುಮ್ ಹೋ’ದಲ್ಲಿ ಗಂಡನನ್ನು ಬಿಟ್ಟು ಶ್ರೀಮಂತನ ಹಿಂದೆ ಹೋದ ಮೆಹ್ವಿಶ್‌ಗೆ ಬೀಳುವ ಬೈಗಳು ಅಲ್ಲಿಯ ಬೀದಿಬೀದಿಯ ಮಾತಾಯಿತು. 2020ರ ಜನವರಿ 25ರಂದು ಅದರ ಕೊನೆಯ ಕಂತನ್ನು ಚಿತ್ರಮಂದಿರಗಳಲ್ಲೂ ತೋರಿಸಿದರು. ಇನ್ನೊಬ್ಬಳನ್ನು ತಂದ ಮುರ್ತಜಾಗೆ ಸಿಕ್ಕದ್ದು ಮನೆಯೊಳಗಿನ ಪೆಟ್ಟು ಮಾತ್ರ: ಮಗಳ ಮುನಿಸು, ಕೈ ಕೊಟ್ಟ ಮಗ. ಇನ್ನೊಬ್ಬನ ಹಿಂದೆ ಹೋದ ಮೆಹ್ವಿಶ್‌ಗೆ ಸಿಕ್ಕದ್ದು ಇಡೀ ದೇಶದ ಉಗುಳು. ಎರಡನ್ನೂ ಒಟ್ಟಿಗೆ ನೋಡಿದರೆ ಅಲ್ಲಿಯ ಮಧ್ಯಮವರ್ಗದ ಮನಸ್ಸು ಕಾನೂನು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮಗಳ ಜೊತೆ ಇನ್ನೊಮ್ಮೆ ನೋಡುವ ಆಸೆಯಿದ್ದರೆ ಈಗ ಸುಲಭವಲ್ಲ. 2016ರ ಉರಿ ದಾಳಿಯ ನಂತರ ‘ಜಿಂದಗಿ’ ವಾಹಿನಿ ಪಾಕಿಸ್ತಾನಿ ಧಾರಾವಾಹಿಗಳನ್ನು ಕೈಬಿಟ್ಟಿತು. 2025ರ ಮೇ ತಿಂಗಳಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಿಗೆ, ಪಾಕಿಸ್ತಾನ ಮೂಲದ ಧಾರಾವಾಹಿ, ಸಿನಿಮಾ, ಹಾಡುಗಳನ್ನು ನಿಲ್ಲಿಸುವಂತೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಓಟಿಟಿ ವೇದಿಕೆಗಳಿಗೆ ಸೂಚಿಸಿತು. ಗಡಿಯಾಚೆ ಕೂಡ ಇಂಥದ್ದೇ. 2020ರಲ್ಲಿ ಆಸಿಮ್ ಅಬ್ಬಾಸಿ ‘ಚುಡೈಲ್ಸ್’ ಎಂಬ ಸರಣಿ ಮಾಡಿದರು. ಮೋಸ ಮಾಡುವ ಗಂಡಂದಿರನ್ನು ಹಿಡಿಯಲು ಕರಾಚಿಯ ನಾಲ್ವರು ಹೆಂಗಸರು ಬಟ್ಟೆ ಅಂಗಡಿಯ ಮರೆಯಲ್ಲಿ ಪತ್ತೇದಾರಿಕೆ ನಡೆಸುವ ಕಥೆ. ರಫಿಯಾಗೆ ಇಲ್ಲದ ಸಿಟ್ಟೆಲ್ಲ ಆ ನಾಲ್ವರಿಗೆ ಇದೆ, ಒಬ್ಬಳಂತೂ ಗಂಡನನ್ನು ಕೊಂದು ಜೈಲಿನಿಂದ ಬಂದವಳು. ಪಾಕಿಸ್ತಾನದವರೇ ಮಾಡಿದ ಆ ಸರಣಿ ಬಂದದ್ದು ಭಾರತದ ಜೀ5ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ಪಾಕಿಸ್ತಾನದಲ್ಲಿ ಕೆಲಕಾಲ ತಡೆಹಿಡಿಯಲಾಯಿತು.